ಸೋಮವಾರದ ಡ್ರೈವರ್

ಯೋಗರಾಜನಿಗೆ ಕೆಲಸ ಸಿಕ್ಕಿದ್ದು ಸೋಮವಾರ. ಅದು ಅವನಿಗೆ ಗೊತ್ತಾದದ್ದು ಬುಧವಾರ.

ಬುಧವಾರ ಬೆಳಿಗ್ಗೆ ಅವನು ಭದ್ರಾವತಿಯ ಬಾಡಿಗೆ ಮನೆಯ ಮುಂದೆ ನಲ್ಲಿ ನೀರು ಹಿಡಿಯುತ್ತಿದ್ದಾಗ ಫೋನ್ ಬಂತು. ಮಾತಾಡಿದವರು ಶಿವಮೊಗ್ಗದ ಟ್ರಾನ್ಸ್‌ಪೋರ್ಟ್ ಮಾಲೀಕ ಈಶ್ವರಪ್ಪ.

"ಯೋಗರಾಜಾ, ಆಫೀಸಿಗೆ ಬಾ. ನಿನ್ನ ಗಾಡಿ ರೆಡಿ ಇದೆ."

ಕೊಡ ತುಂಬಿ ಹರಿಯುತ್ತಿದ್ದರೂ ಅವನು ನಲ್ಲಿ ನಿಲ್ಲಿಸಲಿಲ್ಲ. ಹೆವಿ ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕೂ ಮೊದಲು ಅವನು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿ ಕ್ರೇನಿಗೆ ಸರಪಳಿ ಕಟ್ಟುತ್ತಿದ್ದ. ಮೂರು ವರ್ಷದ ಹಿಂದೆ ಆ ಕೆಲಸ ನಿಂತ ಮೇಲೆ ಬಾಡಿಗೆ ಆಟೊ ಓಡಿಸಿದ. ಕಬ್ಬಿಣ ಮತ್ತು ಯಂತ್ರಗಳನ್ನು ಹೊರುವ, ಪಕ್ಕಕ್ಕೆ ಹಲಗೆಗಳಿಲ್ಲದ ಚಪ್ಪಟೆ ಟ್ರೈಲರ್ ಓಡಿಸಿದರೆ ಮಾತ್ರ ಸಂಸಾರ ನಡೆಯುವಷ್ಟು ಸಂಬಳ ಎಂದು ಲೈಸೆನ್ಸ್ ಮಾಡಿಸಿದ್ದ. ಆದರೆ ಹೊಸಬನ ಕೈಗೆ ಟ್ರೈಲರ್ ಕೊಡುವವರಿಲ್ಲ. ಎಲ್ಲರೂ ಮೊದಲು ಕೇಳುವುದು ಅನುಭವ. ಯಾರೂ ಗಾಡಿ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು ಎಂದರೆ ಯಾವ ಆಫೀಸಿನಲ್ಲೂ ಉತ್ತರವಿರಲಿಲ್ಲ. ಕೆಲಸ ಹುಡುಕುವ ಚಾಲಕರೆಲ್ಲ ಮಾಡುವಂತೆ ಅವನೂ ಲೈಸೆನ್ಸಿನ ಫೋಟೊ ತೆಗೆದು, ಸಿಕ್ಕ ಟ್ರಾನ್ಸ್‌ಪೋರ್ಟ್ ನಂಬರುಗಳಿಗೆಲ್ಲ ವಾಟ್ಸಾಪ್ ಮಾಡಿದ್ದ.

ಅಲ್ಲಿಯವರೆಗೆ ಅದಕ್ಕೆ ಮರುಮಾತು ಬಂದದ್ದು ಭದ್ರಾವತಿಯ ಹಾಲಮ್ಮನಿಂದ ಮಾತ್ರ. ಗಂಡ ತೀರಿಕೊಂಡ ಮೇಲೆ ಎರಡು ಟ್ರೈಲರ್‌ಗಳನ್ನು ಆಕೆಯೇ ನಡೆಸುತ್ತಿದ್ದಳು. ಸೋಮವಾರ ಆಕೆ ಅವನನ್ನು ತನ್ನ ಯಾರ್ಡಿಗೆ ಕರೆಸಿ, ಮಣ್ಣು ತೋಡುವ ಯಂತ್ರವೊಂದನ್ನು ಟ್ರೈಲರಿಗೆ ಸರಪಳಿಯಿಂದ ಬಿಗಿಸಿ ಬಿಚ್ಚಿಸಿದಳು. ಮತ್ತೆ ಬಿಗಿಸಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ.

"ಕಟ್ಟೋದು ಬರುತ್ತೆ ನಿಂಗೆ," ಎಂದಿದ್ದಳು ಕೊನೆಗೆ. "ಆರು ತಿಂಗಳು ಎಡಗಡೆ ಸೀಟಲ್ಲಿ ಕೂತ್ಕೊ. ನಮ್ಮ ಡ್ರೈವರ್ ರಾಮಯ್ಯ ಓಡಿಸ್ತಾನೆ, ನೀನು ನೋಡು. ಅರ್ಧ ಸಂಬಳ."

"ಅರ್ಧ ಸಂಬಳದಲ್ಲಿ ಹೊಟ್ಟೆ ತುಂಬಲ್ಲ ಅಕ್ಕ."

"ಹೊಟ್ಟೆ ತುಂಬ್ದೆ ಇರೋನು ಸಂಜೆಗೆ ಮನೆಗಾದ್ರೂ ಬರ್ತಾನೆ ಮಾರಾಯ. ಟ್ರೈಲರ್ ಕಲೀದೆ ಹತ್ತಿದೋನು ಬರಲ್ಲ."

ಯೋಚಿಸಿ ಹೇಳುತ್ತೇನೆಂದು ಅವನು ಬಂದುಬಿಟ್ಟಿದ್ದ. ಹೆಂಡತಿ ಇಂಪನಾಗೆ ಆಗ ಏಳು ತಿಂಗಳು. ಹಳೇನಗರದ ಟೈಲರ್ ಅಂಗಡಿಯಲ್ಲಿ ಅವಳಿಗೆ ಹೊಲಿದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಮುಂದಿನ ತಿಂಗಳಿಂದ ಕೂತು ಮೆಷಿನ್ ತುಳಿಯುವಂತಿರಲಿಲ್ಲ.

ಈಶ್ವರಪ್ಪನವರ ಆಫೀಸು ಶಿವಮೊಗ್ಗದ ಸಾಗರ ರಸ್ತೆಯಲ್ಲಿತ್ತು. ಮುಂದೆ ನಿಲ್ಲಿಸಿದ್ದ ಟ್ರೈಲರನ್ನು ಆಗಷ್ಟೇ ತೊಳೆದಿದ್ದರು. ಚಕ್ರಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಹತ್ತಿ ನೋಡು," ಎಂದು ಈಶ್ವರಪ್ಪ ಕೀ ಕೊಟ್ಟರು.

ಅವನು ಚಪ್ಪಲಿ ಬಿಟ್ಟು ಹತ್ತಿದ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಎಂಜಿನ್ ಚಾಲೂ ಮಾಡಿದ. ಸೀಟು ನಡುಗಿತು. ಮೂರು ವರ್ಷದಿಂದ ಅವನು ಕಾದಿದ್ದು ಈ ನಡುಕಕ್ಕೆ. ಕನ್ನಡಿಯಲ್ಲಿ ಕಂಡ ಉದ್ದನೆಯ ಖಾಲಿ ಹಾಸನ್ನು ನೋಡುತ್ತ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಕೂತ.

ಕೆಳಗಿಳಿದಾಗ ಟೀ ಬಂದಿತ್ತು.

"ಪೂರ್ತಿ ಸಂಬಳ. ಹತ್ತು ವರ್ಷ ಓಡಿಸಿದ ಡ್ರೈವರ್‌ಗೆ ಏನು ಕೊಡ್ತೀನೋ ನಿಂಗೂ ಅದೇ," ಎಂದರು ಈಶ್ವರಪ್ಪ. "ಒಂದು ಸಣ್ಣ ಕೆಲಸ ಇದೆ. ನಾಳೆ ಸ್ಟೇಷನ್ನಿಗೆ ಹೋಗಿ ಬರ್ಬೇಕು."

"ಯಾಕ್ ಸಾರ್?"

"ಸೋಮವಾರ ಮಧ್ಯಾಹ್ನ ಹೊಳೆಹೊನ್ನೂರು ರಸ್ತೇಲಿ ಈ ಗಾಡಿ ಒಬ್ಬನ ಟಿವಿಎಸ್‌ಗೆ ತಾಗಿದೆ. ನಾಗೇಶ ಅಂತ, ಕೂಲಿಯವನು. ಸತ್ತಿಲ್ಲ, ಒಂದು ಕಾಲು ಹೋಗಿದೆ ಅಷ್ಟೆ. ಗಾಡಿ ಓಡಿಸ್ತಿದ್ದಿದ್ದು ಯಾರು ಅಂತ ಬರೆದುಕೊಡಿ ಅಂದ್ರು ಪೊಲೀಸಿನೋರು. ನಿನ್ನ ಹೆಸರು ಕೊಟ್ಟಿದೀನಿ."

ಯೋಗರಾಜ ಟೀ ಲೋಟ ಕೆಳಗಿಟ್ಟ. "ನನ್ನ ಹೆಸರಾ? ನನ್ನ ಕೇಳ್ದೆ?"

"ಕೇಳೋಕೇ ಕರೆಸಿದ್ದಲ್ವಾ? ನಿನ್ನ ಲೈಸೆನ್ಸ್ ಫೋಟೊ ನೀನೇ ತಾನೆ ಕಳಿಸಿದ್ದು?"

ಪಕ್ಕದ ಮೇಜಿನಲ್ಲಿ ಈಶ್ವರಪ್ಪನವರ ಮಗ ಜಯಕುಮಾರ್ ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆಯುತ್ತಿದ್ದ. ಕಾಲೇಜು ಮುಗಿಸಿದ್ದನೋ ಇಲ್ಲವೋ ಎನ್ನುವ ವಯಸ್ಸು. ಅವನು ತಲೆ ಎತ್ತಲಿಲ್ಲ. ಯೋಗರಾಜನಿಗೆ ಉಳಿದದ್ದು ಅರ್ಥವಾಯಿತು.

"ಅವನ ಹತ್ರ ಕಾರಿನ ಲೈಸೆನ್ಸ್ ಮಾತ್ರ ಇರೋದು," ಎಂದರು ಈಶ್ವರಪ್ಪ, ಹವಾಮಾನ ಹೇಳುವಷ್ಟು ಸಹಜವಾಗಿ. "ಜೈಲು ಗೀಲು ಏನಿಲ್ಲ ಮಾರಾಯ, ಸ್ಟೇಷನ್ನಲ್ಲೇ ಬೇಲು. ವಕೀಲ್ರು ನಮ್ಮೋರೇ. ಬರ್ತಾ ಕೀ ತಗೊಂಡು ಗಾಡಿ ಹತ್ತು. ಹೊಸಬನಿಗೆ ಈ ಜಿಲ್ಲೇಲಿ ಟ್ರೈಲರ್ ಕೊಡೋ ಇನ್ನೊಬ್ಬನ್ನ ತೋರ್ಸು ನೋಡೋಣ."

ಯೋಗರಾಜ ಕೀಯನ್ನು ಮೇಜಿನ ಮೇಲಿಟ್ಟ. "ನಾಳೆ ಹೇಳ್ತೀನಿ ಸಾರ್."

"ನನಗೇನು ಹೇಳೋದು ಬೇಡ. ಅಲ್ಲಿ ಹೇಳು."

ಬಸ್ಸಿಳಿದವನು ನೇರ ಹಾಲಮ್ಮನ ಯಾರ್ಡಿಗೆ ನಡೆದ. ಆಕೆ ಟಾರ್ಪಾಲಿನ ಹರಿದ ಅಂಚಿಗೆ ದಬ್ಬಳ ಹಾಕುತ್ತಿದ್ದಳು. ಅವನು ಎಲ್ಲವನ್ನೂ ಹೇಳುವವರೆಗೆ ಕೈ ನಿಲ್ಲಿಸಲಿಲ್ಲ.

"ಸೋಮವಾರ ಇಡೀ ದಿನ ನಾನು ಇಲ್ಲೇ ಇದ್ದೆ ಅಂತ ನೀವೊಂದು ಮಾತು ಹೇಳಿದ್ರೆ ಸಾಕು ಅಕ್ಕ. ನಾನು ನಿಮ್ಮ ಎಡಗಡೆ ಸೀಟಲ್ಲೇ ಕೂತ್ಕೋತೀನಿ."

"ನನ್ನ ಎರಡು ಗಾಡಿಗೂ ಲೋಡು ಕೊಡೋದು ಯಾರು ಗೊತ್ತಾ? ಅದೇ ಈಶ್ವರಪ್ಪ."

ಯೋಗರಾಜ ಕೇಳಿದ: "ಒಪ್ಕೊಂಡ್ರೆ ಏನಾಗುತ್ತೆ?"

"ಕೇಸು ವರ್ಷಗಟ್ಟಲೆ ಎಳೆಯುತ್ತೆ. ಕಾಲು ಮುರಿದ ಕೇಸಿರೋ ಡ್ರೈವರ್‌ನ ಇನ್ಯಾವ ಮಾಲೀಕನೂ ಹತ್ತಿಸ್ಕೊಳ್ಳಲ್ಲ. ಲೈಸೆನ್ಸ್ ಹೋದ್ರೂ ಹೋಯ್ತು. ಸಂಬಳ ಕೊಡ್ಲಿ ಬಿಡ್ಲಿ, ಅವನ ಬಾಗಿಲಲ್ಲೇ ಬಿದ್ದಿರ್ಬೇಕು. ಅವನು ನಿಂಗೆ ಕೊಟ್ಟಿದ್ದು ಕೀ ಅಲ್ಲ ಮಾರಾಯ, ಕೊರಳಿಗೆ ಕಣ್ಣಿ." ಆಕೆ ದಾರ ಕಡಿದು ಗಂಟು ಹಾಕಿದಳು. "ಏನಾದ್ರೂ ಮಾಡ್ಕೊ. ನನ್ನ ಹೆಸರು ಎಳೀಬೇಡ."

ಮನೆಯಲ್ಲಿ ಇಂಪನಾ ಗೋಡೆಗೊರಗಿ ಕೂತು ಕೇಳಿಸಿಕೊಂಡಳು. ಅವಳು ಬೈಯುತ್ತಾಳೆ, ಬೇಡ ಎನ್ನುತ್ತಾಳೆ ಎಂದು ಅವನು ನಂಬಿದ್ದ.

"ಒಪ್ಕೊಂಡ್ಬಿಡಿ," ಎಂದಳು. "ನೀವು ಮಾಡಿಲ್ಲ ಅಂತ ನಂಗೊತ್ತಲ್ಲ. ಸಾಕು."

"ಕೋರ್ಟಿಗೆ ಅಲೀಬೇಕಾಗುತ್ತೆ."

"ಮೂರು ವರ್ಷದಿಂದ ಅಲೀತಾನೇ ಇದೀರಲ್ಲ. ಸಂಬಳ ತಗೊಂಡು ಅಲೀರಿ."

ಅವನು ಎದ್ದು ಕೈ ತೊಳೆಯಲು ಹೋದ. ಸೋಮವಾರದ ಸರಪಳಿಯ ತುಕ್ಕು ಅಂಗೈ ಗೆರೆಗಳಲ್ಲಿ ಇನ್ನೂ ಕೂತಿತ್ತು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

ಗುರುವಾರ ಠಾಣೆಯ ಮೆಟ್ಟಿಲ ಮೇಲೆ ಒಬ್ಬಾಕೆ ಕೂತಿದ್ದಳು. ಅವನು ಬಾಗಿಲಲ್ಲಿದ್ದ ಪೇದೆಗೆ ಹೆಸರು ಹೇಳುವುದನ್ನು ಕೇಳಿಸಿಕೊಂಡು ಎದ್ದು ಬಂದಳು.

"ನೀವೇನಾ ಯೋಗರಾಜ? ನಾನು ಹುಲಿಗೆಮ್ಮ. ನಾಗೇಶನ ಹೆಂಡ್ತಿ."

ಶಾಪ ಹಾಕುತ್ತಾಳೆಂದು ಅವನು ತಲೆ ತಗ್ಗಿಸಿದ. "ನಾನಲ್ಲಮ್ಮ. ಆ ದಿನ ನಾನು ಭದ್ರಾವತೀಲಿದ್ದೆ."

"ಗೊತ್ತು," ಎಂದಳು ಹುಲಿಗೆಮ್ಮ ದನಿ ತಗ್ಗಿಸಿ. "ನಮ್ಮೋರು ನೋಡಿದಾರೆ, ಮೀಸೆ ಚಿಗುರದ ಹುಡುಗ ಅಂತೆ. ನೀವಲ್ಲ ಅಂತ ಗೊತ್ತಣ್ಣ. ಆದ್ರೂ ನೀವೇ ಅನ್ನಿ."

ಅವನು ತಲೆ ಎತ್ತಿ ಅವಳನ್ನು ನೋಡಿದ.

"ಓಡಿಸಿದೋನಿಗೆ ಲೈಸೆನ್ಸ್ ಇಲ್ಲ ಅಂದ್ರೆ ಇನ್ಶೂರೆನ್ಸಿನೋರು ತಕರಾರು ತೆಗೀತಾರಂತೆ. ಮಾಲೀಕರ ಕಡೆ ವಕೀಲ್ರು ಹೇಳಿದ್ರು. ನಿಮ್ಮ ಹತ್ರ ಐತಲ್ಲ ಅಣ್ಣ ಲೈಸೆನ್ಸು. ಮೊಣಕಾಲಿಂದ ಕೆಳಗೆ ತೆಗೆದವ್ರೆ. ಇನ್ನು ಅವರು ಕೂಲಿಗೆ ಹೋಗೋದಿಲ್ಲ." ಅವಳು ಬಗ್ಗಿ ಅವನ ಕಾಲು ಮುಟ್ಟಿದಳು. "ನಿಮಗೂ ಕೆಲಸ ಸಿಗುತ್ತಂತಲ್ಲ."

ಹಿಂದೆ ಸರಿಯಲು ಹೋದವನ ಬೆನ್ನು ಬಾಗಿಲಿಗೆ ತಾಗಿತು. ಅವನು ಒಳಗೆ ಹೋದ.

ಒಳಗೆ ಈಶ್ವರಪ್ಪ ಆಗಲೇ ಕುರ್ಚಿಯಲ್ಲಿದ್ದರು. ಸಬ್‌ಇನ್‌ಸ್ಪೆಕ್ಟರ್ ಲೈಸೆನ್ಸ್ ತಿರುಗಿಸಿ ನೋಡಿ, ಮುಖ ನೋಡಿ ಕೇಳಿದರು:

"ಸೋಮವಾರ ಗಾಡಿ ಓಡಿಸ್ತಿದ್ದಿದ್ದು ನೀನೇನಾ?"

ಹೌದು ಎಂದರೆ ಮನೆಯಲ್ಲಿ ಅನ್ನ, ಹೊರಗೆ ಕೂತವಳಿಗೆ ಹಣ, ಕೈಗೆ ಟ್ರೈಲರ್. ಮೂರು ಕಡೆಯಿಂದಲೂ ಅವನನ್ನು ಆ ಕಡೆಗೇ ತಳ್ಳುತ್ತಿದ್ದರು. ಬೇಡವೆಂದವಳು ಹಾಲಮ್ಮ ಒಬ್ಬಳೇ, ಅವಳೂ ತನ್ನ ಹೆಸರು ಎಳೆಯಬೇಡ ಎಂದಿದ್ದಳು. ಆದರೆ ಇವತ್ತು ಹೌದು ಎಂದವನಿಗೆ ನಾಳೆ ಬೇರೆ ಮಾಲೀಕನನ್ನು ಹುಡುಕುವ ದಾರಿ ಇರುವುದಿಲ್ಲ. ಮುಂದೊಂದು ದಿನ ಇದೇ ಜಯಕುಮಾರ್ ಇನ್ನೊಬ್ಬನಿಗೆ ಗುದ್ದಿದರೆ ಆಗಲೂ ಹೆಸರು ತನ್ನದೇ. ಮೇಜಿನ ಮೇಲಿನ ಕಾರ್ಡನ್ನು ನೋಡಿದ. ಅವನದೆಂದು ಹೇಳಿಕೊಳ್ಳಲು ಉಳಿದಿದ್ದದ್ದು ಅದೊಂದೇ.

"ಅಲ್ಲ ಸಾರ್," ಎಂದ. "ಸೋಮವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಭದ್ರಾವತೀಲಿ ಹಾಲಮ್ಮನವರ ಯಾರ್ಡಲ್ಲಿ ಸರಪಳಿ ಕಟ್ತಿದ್ದೆ. ನಾನು ಈ ಗಾಡಿ ಹತ್ತಿದ್ದು ನಿನ್ನೆ, ಅದೂ ನಿಂತಿದ್ದಾಗ."

ಈಶ್ವರಪ್ಪ ನಕ್ಕರು. "ಹೆದರಿದಾನೆ ಸಾರ್, ಹೊಸಬ."

ಸಬ್‌ಇನ್‌ಸ್ಪೆಕ್ಟರ್ ನಂಬರ್ ಕೇಳಿ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಹಾಲಮ್ಮ ಪ್ರಶ್ನೆ ಕೇಳಿಸಿಕೊಂಡಳು. ಆ ಕಡೆ ಯಾರೋ ಕಬ್ಬಿಣ ಬಡಿಯುವ ಸದ್ದಷ್ಟೇ ಬರುತ್ತಿತ್ತು.

"ಹೌದು ಸಾರ್, ಇಲ್ಲೇ ಇದ್ದ," ಎಂದಳು ಕೊನೆಗೆ. "ಸಂಜೆ ದೀಪ ಹಚ್ಚೋವರೆಗೂ ಇದ್ದ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ." ಉಸಿರೆಳೆದುಕೊಂಡು ಮುಂದುವರಿಸಿದಳು: "ಇನ್ನು ನಮ್ಮ ಯಾರ್ಡಿಗೆ ಬರೋದು ಬೇಡ ಅಂತ ಅವನಿಗೆ ಹೇಳ್ಬಿಡಿ ಸಾರ್. ನಂಗೂ ಎರಡು ಗಾಡಿ ಓಡ್ಬೇಕು."

ಫೋನ್ ಕಟ್ಟಾಯಿತು. ಸಬ್‌ಇನ್‌ಸ್ಪೆಕ್ಟರ್ ಲೈಸೆನ್ಸನ್ನು ಯೋಗರಾಜನ ಕಡೆ ಸರಿಸಿ, ಈಶ್ವರಪ್ಪನವರತ್ತ ತಿರುಗಿದರು. "ಇವನ ಹೆಸರು ಬರೆದುಕೊಟ್ಟು ಸಹಿ ಹಾಕಿದ್ದು ನೀವಲ್ವಾ?"

ಹೇಳಿಕೆ ಬರೆಸಿ ಯೋಗರಾಜ ಹೊರಗೆ ಬಂದಾಗ ಹುಲಿಗೆಮ್ಮ ಅದೇ ಮೆಟ್ಟಿಲ ಮೇಲಿದ್ದಳು.

"ಒಪ್ಕೊಂಡ್ರಾ ಅಣ್ಣ?"

"ಇಲ್ಲಮ್ಮ."

ಅವಳು ಅಳಲಿಲ್ಲ, ಬೈಯಲಿಲ್ಲ. "ನಿಮ್ಮ ಮನೇಲಿ ದುಡಿಯೋರು ಬೇರೆ ಯಾರೋ ಇರ್ಬೇಕು," ಎಂದಳಷ್ಟೇ.

ಅವನು ಲೈಸೆನ್ಸನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ. "ಓಡಿಸಿದ ಹುಡುಗ ಒಳಗಿರೋ ಮಾಲೀಕನ ಮಗ. ಜಯಕುಮಾರ್ ಅಂತ. ನಿಮ್ಮೋರು ನೋಡಿದ್ದನ್ನ ಒಳಗೆ ಹೋಗಿ ಹೇಳಿ."

"ಹೇಳಿದ್ರೆ ದುಡ್ಡು ಬರುತ್ತಾ?"

"ಗೊತ್ತಿಲ್ಲಮ್ಮ."

ಹುಲಿಗೆಮ್ಮ ಬಾಗಿಲ ಕಡೆ ನೋಡಿದಳು, ಏಳಲಿಲ್ಲ. ಭದ್ರಾವತಿ ಬಸ್ಸು ಮುಂದಿನ ರಸ್ತೆಯಲ್ಲಿ ನಿಂತು ಜನ ಹತ್ತಿಸಿಕೊಂಡು ಹೋಯಿತು. ಮನೆಯಲ್ಲಿ ಏನು ಹೇಳಬೇಕೆಂದು ತಿಳಿಯದೆ ಯೋಗರಾಜ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತ.