ಬಿಚ್ಚುವ ಮುಂಚೆ

"ಸ್ಕ್ರೂಡ್ರೈವರ್ ಕೊಡೋ, ಕಂಪ್ರೆಸರ್ರೇ ಹೋಗಿದೆ," ಎನ್ನುತ್ತ ದಪ್ಪಣ್ಣ ಫ್ರೀಜರ್ ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿದ. ಶವ ಇಡುವ ಬಾಡಿಗೆಯ ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗಿ ನಿಂತುಹೋಗಿತ್ತು. ಒಳಗೆ ಮಲಗಿದ್ದವರು ತರಬೇತಿ ಶಾಲೆಯ ಇಂಗ್ಲಿಷ್ ಮೇಷ್ಟ್ರು. ಸುತ್ತ ನಿಂತಿದ್ದವರು ಅವರ ಹಳೆಯ ಶಿಷ್ಯರು, ಮೂವರೂ ಫ್ರಿಜ್ ರಿಪೇರಿಯವರು.

"ಮಗಳು ಬರೋದು ಐದು ಗಂಟೆಗೆ ಕಣ್ರಪ್ಪಾ," ಎಂದರು ಮೇಷ್ಟ್ರ ಹೆಂಡತಿ. "ಅಲ್ಲೀವರೆಗೂ ಈ ಮುಖ ಹೀಗೇ ಇರಬೇಕು. ಅವಳು ಅಪ್ಪನ್ನ ನೋಡಿ ವರ್ಷ ಆಯ್ತು."

"ಚಿಂತೆ ಬಿಡಿ ಅಮ್ಮಾ, ಬಿಚ್ಚಿದ್ರೆ ಗೊತ್ತಾಗತ್ತೆ."

"ಬಿಚ್ಚೋಕೆ ಮುಂಚೆ ಓದ್ರೋ!" ಥೇಟ್ ಗಂಡನದೇ ಧಾಟಿ. ಪೆಟ್ಟಿಗೆಯ ಪಕ್ಕದಲ್ಲಿ ದಾರ ಕಟ್ಟಿದ ಪುಸ್ತಕವೊಂದು ನೇತಾಡುತ್ತಿತ್ತು. ಪೂರ್ತಿ ಇಂಗ್ಲಿಷು. ಮೂವರೂ ಗೋಡೆ ನೋಡಿದರು.

*

"ಗ್ಯಾಸ್ ತುಂಬೋಕೆ ಇಂಗ್ಲಿಷ್ ಯಾಕೆ ಸಾರ್? ಫ್ರಿಜ್ಜೇನು ಮಾತಾಡತ್ತಾ?"

ಹತ್ತು ವರ್ಷದ ಹಿಂದೆ ಕೊನೆಯ ಬೆಂಚಿನಿಂದ ಹೀಗೆ ಕೇಳಿದವನು ದಪ್ಪಣ್ಣನೇ. ಮೇಷ್ಟ್ರು ಪರೀಕ್ಷೆಯ ಭಯ ತೋರಿಸಿದರು, ಹೊರದೇಶದ ಕೆಲಸದ ಆಸೆ ತೋರಿಸಿದರು. ಕ್ಲಾಸು ಜಗ್ಗಲಿಲ್ಲ. ಕೊನೆಗೆ ಮನೆಯ ಫ್ರಿಜ್ಜನ್ನೇ ತಳ್ಳುಗಾಡಿಯಲ್ಲಿ ತಂದು, ತಾವೇ ಕೆಡಿಸಿ, ಅದರ ಪುಸ್ತಕ ಮುಂದಿಟ್ಟರು. "ಓದಿ ರಿಪೇರಿ ಮಾಡಿದವನಿಗೆ ಐಸ್‌ಕ್ರೀಮ್!"

ದಪ್ಪಣ್ಣ ಓದದೆಯೇ ಮಾಡಿದ. ಫ್ರಿಜ್ಜು ಗುರ್ ಎಂದು ಓಡಿತು, ಆದರೆ ತಣ್ಣಗಾಗುವ ಬದಲು ಬೆಚ್ಚಗಾಯಿತು.

*

"ಮೂರು ತಿಂಗಳು ಹಾಲನ್ನ ಪಕ್ಕದ ಮನೇಲಿಟ್ಟೆ," ಎಂದರು ಆಕೆ. "ಇವರು ಮಾತ್ರ 'ಆ ಹುಡುಗ ಒಂದಿನ ಓದೇ ಓದ್ತಾನೆ' ಅಂತಿದ್ರು."

ದಪ್ಪಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಚಕ್ಕಂಬಕ್ಕಳ ಹಾಕಿ ಕೂತ. ಪುಸ್ತಕ ತೆರೆದು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟ. ಹಣೆಯಲ್ಲಿ ಬೆವರು.

"ಏನಂತೋ?" ಎಂದ ಒಬ್ಬ.

"ತಡಿಯೋ. ಮೊದಲು... ಮುಚ್ಚಳ... ಸರಿಯಾಗಿ ಮುಚ್ಚಿದೆಯಾ... ನೋಡಿ. ಇಲ್ಲದಿದ್ರೆ... ತಾನೇ... ನಿಲ್ಲತ್ತೆ."

ನೋಡಿದರು. ಮೇಷ್ಟ್ರ ಹೊದಿಕೆಯ ತುದಿ ಮುಚ್ಚಳಕ್ಕೆ ಸಿಕ್ಕಿಕೊಂಡಿತ್ತು. ಒಳಗೆ ತಳ್ಳಿ ಅದುಮಿದರು. ಪೆಟ್ಟಿಗೆ ಗುಂಯ್‌ಗುಟ್ಟಿತು.

"ಥೂ, ಇಷ್ಟೇನಾ! ನಾವು ಮೂರು ಜನ ಮೆಕ್ಯಾನಿಕ್ಕುಗಳು!"

"ಸಾಕು ಬಿಡೋ, ಸರಿಹೋಯ್ತಲ್ಲ," ಎಂದ ಇನ್ನೊಬ್ಬ.

ದಪ್ಪಣ್ಣ ಬಿಡಲಿಲ್ಲ. ಐದು ಗಂಟೆಗೆ ಮಗಳು ಬಂದು ತಾಯಿಯನ್ನು ತಬ್ಬಿಕೊಂಡು ಗಾಜಿನ ಮುಚ್ಚಳದ ಬಳಿ ಕೂತಾಗ ಅವನು ಮೂರನೆಯ ಪುಟದಲ್ಲಿದ್ದ. ಪೆಟ್ಟಿಗೆ ತೊಳೆಯುವ ಬಗೆಯನ್ನು ನಿಧಾನವಾಗಿ, ಗಟ್ಟಿಯಾಗಿ ಓದುತ್ತಿದ್ದ. ಕಷ್ಟದ ಪದ ಬಂದಾಗಲೆಲ್ಲ ಬೆರಳು ಅಲ್ಲೇ ಇಟ್ಟು, ತಲೆಯೆತ್ತಿ ಗಾಜಿನೊಳಗೆ ನೋಡಿ, ಒಂದು ಗಳಿಗೆ ಕಾಯುತ್ತಿದ್ದ.