ಮೇಣದಣ್ಣನ ಕಾಯಿಲೆ

"ಒಂಬತ್ತನೇ ಕ್ಲಾಸು ದಾಟೋಕಾಗದೋನು ಸಂಶೋಧನೆ ಮಾಡೋಕೆ ಹೊರಟಿದ್ದಾನೆ ನೋಡ್ರಪ್ಪಾ! ಅದೂ ಯಾರ ಮೇಲೆ? ಹೆತ್ತಪ್ಪನ ಮೇಲೆ!"

ದೊಡ್ಡಪ್ಪ ಇದನ್ನು ಕೂಗಿ ಹೇಳಿದಾಗ ಮಗನ ಎರಡೂ ಕೈ ಸ್ಟ್ರೆಚರಿನ ಹಿಡಿಯಲ್ಲಿದ್ದವು. ಆಸ್ಪತ್ರೆಯ ವ್ಯಾನಿನ ಹಿಂಬಾಗಿಲು ಹಾರುಹೊಡೆದಿತ್ತು. ಅಪ್ಪನ ಅರ್ಧ ಮೈ ವ್ಯಾನಿನೊಳಗೆ, ಅರ್ಧ ಬಿಸಿಲಲ್ಲಿ. ಕೈ ಖಾಲಿ ಇದ್ದಿದ್ದರೆ ಏನಾಗುತ್ತಿತ್ತೆಂದು ಬೀದಿಗೆಲ್ಲ ಗೊತ್ತಿತ್ತು. ಅಂಗಡಿಗಳ ಶಟರು ರಿಪೇರಿ ಮಾಡುವ ಈ ಇಪ್ಪತ್ನಾಲ್ಕರವನ ಬಾಯಿ ಶಟರಿಗಿಂತ ಜೋರು, ಕೈ ಬಾಯಿಗಿಂತ ಮುಂದೆ.

"ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದೀವಿ," ದೊಡ್ಡಪ್ಪ ಸೇರಿದವರ ಕಡೆ ತಿರುಗಿದ. "ಸತ್ತವನನ್ನ ಮನೆಗೆ ತರೋ ಬದಲು ಕುಯ್ಯೋಕೆ ಕೊಟ್ಟು ಬಂದಿದ್ದಾನೆ. ನನ್ನ ತಮ್ಮನ್ನ ಗೋಣಿಚೀಲ ಹೊಲಿದ ಹಾಗೆ ಹೊಲಿದು ಕಳಿಸಿದ್ದಾರೆ."

"ಗೋಣಿಚೀಲ ಅಲ್ಲ ಯಜಮಾನ್ರೇ." ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದಿದ್ದ ಉದ್ದಣ್ಣ ಬಾಯಿ ಹಾಕಿದ. ಅವನು ಅಪ್ಪನ ಲ್ಯಾಬಿನ ಅಟೆಂಡರು. ಇಪ್ಪತ್ತು ವರ್ಷ ಅಪ್ಪನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡಿದವನು. "ನಾನೇ ಪಕ್ಕದಲ್ಲಿ ನಿಂತು ಹೊಲಿಸಿದ್ದೀನಿ. ನೀವು ಹಾಕ್ಕೊಂಡಿರೋ ಅಂಗಿ ಹೊಲಿಗೆಗಿಂತ ನೀಟಾಗಿದೆ."

ಯಾರೋ ಫಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದರು.

ಅಪ್ಪನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದರು. ಅಮ್ಮ ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಬಗ್ಗಿ, ಅಪ್ಪನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಎರಡು ವರ್ಷದಿಂದ ದಿನಾ ಹಾಕುತ್ತಿದ್ದದ್ದೇ.

"ಮೊದಲು ಹೋಗಿದ್ದು ಕೈಯಂತೆ," ಬಾಗಿಲ ಬಳಿ ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. "ಚಮಚ ಬೀಳಿಸ್ತಿದ್ರಂತೆ. ಆಮೇಲೆ ಕಾಲು. ಆಮೇಲೆ ಮಾತು."

"ಏನು ಕಾಯಿಲೆಯಂತೆ?"

"ಅದೇ ಗೊತ್ತಾಗಲಿಲ್ಲವಂತಮ್ಮ. ಆಸ್ಪತ್ರೇಲೇ ಕೆಲಸ ಮಾಡಿದೋರು ಬೇರೆ. ದೀಪದ ಬುಡದಲ್ಲೇ…"

"ಶ್. ಮಗ ನಿಂತಿದ್ದಾನೆ."

ಮಗನಿಗೆ ಕೇಳಿಸಿತ್ತು. ಟಿವಿ ಮೇಲಿದ್ದ ಫೈಲಿನ ಕೊನೆಯ ಹಾಳೆಯಲ್ಲಿ ಡಾಕ್ಟರು ಬರೆದ ಸಾಲು ಅವನಿಗೆ ಬಾಯಿಪಾಠವಾಗಿತ್ತು: ಕಾರಣ ತಿಳಿದುಬಂದಿಲ್ಲ.

*

ಅವನು ಶಾಲೆ ಬಿಟ್ಟಾಗ ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಬೆಳಿಗ್ಗೆ "ಬಾ" ಎಂದು ಲ್ಯಾಬಿಗೆ ಕರೆದುಕೊಂಡು ಹೋದ.

ಆಸ್ಪತ್ರೆಯ ನೆಲಮಾಳಿಗೆ. ಮೂಗು ಉರಿಯುವ ವಾಸನೆ. ಯಾರ್ಯಾರದೋ ಮೈಯಿಂದ ತೆಗೆದ ಚೂರುಗಳು ಮೇಣದ ಬಿಲ್ಲೆಗಳೊಳಗೆ ಕೂತಿದ್ದವು, ಒಂದೊಂದಕ್ಕೂ ಒಂದು ನಂಬರು. ಅಪ್ಪನ ಉಗುರ ಸಂದಿಯಲ್ಲಿ ಯಾವಾಗಲೂ ಬಿಳಿ ಮೇಣ ಇರುವುದೇಕೆಂದು, ಆಸ್ಪತ್ರೆಯವರೆಲ್ಲ ಅವನನ್ನು ಮೇಣದಣ್ಣ ಎನ್ನುವುದೇಕೆಂದು ಆಗ ಗೊತ್ತಾಯಿತು. ಅಪ್ಪ ಒಂದು ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿದ. ಬಗ್ಗಿ, ಕನ್ನಡಕ ಒರೆಸುವ ಮುಂಚೆ ಮಾಡುವ ಹಾಗೆ ಅದರ ಮೇಲೆ ಹಾ ಎಂದು ಉಸಿರು ಬಿಟ್ಟ. ಚಕ್ರ ತಿರುಗಿಸಿದ. ಕೂದಲಿಗಿಂತ ತೆಳ್ಳಗಿನ ಪದರಗಳು ಒಂದರ ಬಾಲ ಒಂದು ಹಿಡಿದುಕೊಂಡು ಅಲಗಿನಿಂದ ಇಳಿದವು. ಅವನ್ನು ಕುಂಚದ ತುದಿಯಲ್ಲಿ ಎತ್ತಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟ. ಸುಕ್ಕೆಲ್ಲ ತಾನಾಗಿ ಬಿಟ್ಟುಕೊಂಡಿತು. ಗಾಜಿನ ಸ್ಲೈಡು ನೀರಿಗಿಳಿಸಿ ಮೆಲ್ಲಗೆ ಎತ್ತಿಕೊಂಡ.

"ಉಸಿರು ಯಾಕೆ ಬಿಟ್ಟೆ?"

"ತೀರಾ ತಣ್ಣಗಿದ್ರೆ ಬಿರಿಯುತ್ತೆ. ಇದನ್ನ ಯಾರೂ ಪುಸ್ತಕದಲ್ಲಿ ನೋಡಿ ಕಲಿಯೋಲ್ಲ ಕಣೋ."

"ಇದೇನು ಕಾಯಿಲೆ?"

"ಅದನ್ನ ಹೇಳೋರು ಮೇಲಿದ್ದಾರೆ." ಅಪ್ಪ ಸೂರಿನ ಕಡೆ ಬೆರಳು ತೋರಿಸಿದ. ಮೇಲಿನ ಮಹಡಿಯಲ್ಲಿ ಡಾಕ್ಟರುಗಳಿದ್ದರು, ಮೈಕ್ರೋಸ್ಕೋಪುಗಳಿದ್ದವು, ಕಿಟಕಿಗಳಿದ್ದವು.

"ಅಂದ್ರೆ ನೀನು ಈರುಳ್ಳಿ ಹೆಚ್ಚೋನು. ಅಡುಗೆ ಮಾಡಿ ಹೆಸರು ತಗೊಳ್ಳೋರು ಅವರು."

ಹದಿನೈದರ ಬಾಯಿ. ಅಪ್ಪ ಸ್ಲೈಡನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಕ್ಕ. "ಹೂಂ, ಈರುಳ್ಳಿನೇ. ಕಣ್ಣೀರು ಮಾತ್ರ ಬೇರೆಯವರ ಮನೇಲಿ."

ಅದಾದ ಮೇಲೆ ಅಪ್ಪ ಅವನನ್ನು ಲ್ಯಾಬಿಗೆ ಕರೆಯಲಿಲ್ಲ. ಕರೆಯಲಿ ಎಂದು ಅವನು ಎಷ್ಟೋ ದಿನ ಬೆಳಿಗ್ಗೆ ಬೇಗ ಎದ್ದು, ಮುಖ ತೊಳೆದು, ಕಾರಣವಿಲ್ಲದೆ ಬಾಗಿಲ ಬಳಿ ನಿಂತದ್ದುಂಟು. ತಾನಾಗಿ ಕೇಳುವುದಕ್ಕೆ ಸೊಕ್ಕು ಬಿಡಲಿಲ್ಲ.

*

ಊಟದ ಹೊತ್ತು ಮೀರಿದ್ದರಿಂದ ಬಂದವರ ಮಾತು ಹುಳಿಯಾಗತೊಡಗಿತ್ತು.

"ಇವನಪ್ಪನೂ ಹೀಗೇ," ದೊಡ್ಡಪ್ಪ ಅಂಗಳದಲ್ಲಿ ಹೇಳುತ್ತಿದ್ದ. "ಬಾಯಿ ಮುಚ್ಕೊಂಡಿದ್ದಿದ್ರೆ ಲ್ಯಾಬಿಗೆ ಮೇಲ್ವಿಚಾರಕ ಆಗ್ತಿದ್ದ. ತಾನೇ ಹೋಗಿ ತಲೆ ಕೊಟ್ಟ. ನಿನ್ನೆ ಮೊನ್ನೆ ಸೇರಿದೋನು ಇವನ ಮೇಲೆ ಕೂತ."

ಮಗ ಒಳಗಿನಿಂದ ಕೇಳಿಸಿಕೊಂಡ. ಇದೊಂದು ವಿಷಯದಲ್ಲಿ ಅವನೂ ದೊಡ್ಡಪ್ಪನೂ ಒಂದು ಕಾಲದಲ್ಲಿ ಒಂದೇ ಪಕ್ಷ.

*

ಒಬ್ಬರ ಪದರ ತೇಲಿಬಿಟ್ಟ ಮೇಲೆ, ಮುಂದಿನವರದ್ದಕ್ಕೆ ಮೊದಲು ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ತುಣುಕೊಂದು ತೇಲುತ್ತ ಉಳಿದು, ಮುಂದಿನವರ ಸ್ಲೈಡಿಗೆ ಹತ್ತಿಕೊಳ್ಳುತ್ತದೆ. ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಸಂಜೆ ಅಪ್ಪ ಒರೆಸುವುದನ್ನು ಮರೆತ. ಎರಡು ದಿನದ ಮೇಲೆ, ಏನೂ ಆಗಿರದ ಹೆಂಗಸೊಬ್ಬಳ ವರದಿಯಲ್ಲಿ ಕ್ಯಾನ್ಸರ್ ಎಂದು ಬಂತು.

ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಪ್ಪನಿಗೆ ಮಾತ್ರ, ಮನೆಯಲ್ಲಿ ತುತ್ತು ಬಾಯಿಗಿಡುವಾಗ, ಆ ಸಂಜೆ ಕಾಗದದ ಕಟ್ಟು ಮುಗಿದಿದ್ದದ್ದು ನೆನಪಾಯಿತು. ಎಂಜಲು ಕೈ ತೊಳೆದು ಹೊರಟ. ವರದಿ ಬರೆದ ಡಾಕ್ಟರಮ್ಮನ ಮುಂದೆ ನಿಂತು, "ಆ ಚೂರು ಆಕೇದಲ್ಲ ಮೇಡಂ, ನನ್ನ ನೀರಿಂದು" ಎಂದ. ಆಕೆಯ ಆಪರೇಷನ್ನು ನಿಂತಿತು. ಅಪ್ಪನಿಗೆ ಮೆಮೋ ಬಂತು.

"ನಿಂಗೆ ಬುದ್ಧಿ ಇದ್ಯಾ? ಯಾರು ಕೇಳಿದ್ರು ನಿನ್ನ?" ಮಗ ಆವತ್ತು ತಟ್ಟೆ ಎಸೆದಿದ್ದ.

ಅಪ್ಪ ತಟ್ಟೆ ಎತ್ತಿಟ್ಟ. "ಇನ್ನೊಬ್ಬರ ಕಾಯಿಲೇನ ಆಕೆ ಹೆಸರಿಗೆ ಬರೆಯೋದು ಯಾಕೋ?"

ಆಮೇಲೆ ಅಪ್ಪನ ಕೈಯೇ ಹೋಯಿತು. ಒಂದು ಆಸ್ಪತ್ರೆಯಲ್ಲಿ ಒಂದು ಹೆಸರು ಹೇಳಿದರು, ಅದಕ್ಕೊಂದು ಮದ್ದು. ಇನ್ನೊಂದರಲ್ಲಿ ಇನ್ನೊಂದು. ಮೂರನೆಯ ಕಡೆ ಮೂರನೆಯದು. ಕೊನೆಗೆ ಮಾತು ತೊದಲುತ್ತಿದ್ದ ದಿನಗಳಲ್ಲಿ, ಮಗ ಗಡ್ಡ ಹೆರೆಯುತ್ತಿದ್ದಾಗ, ಅಪ್ಪ ನೊರೆ ಮೆತ್ತಿದ ಬಾಯಲ್ಲೇ ತಡವರಿಸುತ್ತ ಹೇಳಿದ.

"ಮೂರು ಹೆಸರು ಕೊಟ್ರು ಕಣೋ. ಮೂರೂ ಬೇರೆಯವರದ್ದು."

"ಸುಮ್ನಿರು, ಬ್ಲೇಡು ತಾಗುತ್ತೆ."

"ನಾನು ಹೋದ್ಮೇಲೆ ಒಂದು ಚೂರು ಕೊಡು. ಯಾರಾದ್ರೂ ತೆಳ್ಳಗೆ ಕೊಯ್ದು ನೋಡಲಿ. ನಂದು ಏನು ಅಂತ ಗೊತ್ತಾಗಲಿ."

"ಗೊತ್ತಾಗಿ ನಿನಗೇನು ಬಂತು, ಆವಾಗ?"

ಅಪ್ಪ ಬ್ಲೇಡು ದೂರ ಹೋಗುವವರೆಗೆ ಕಾದ. "ನನ್ನ ಹಿಂದೆ ಇನ್ನೊಬ್ಬ ಬರ್ತಾನಲ್ಲ, ಅವನಿಗೆ."

ಮಗ ಟವೆಲಿನಿಂದ ಅಪ್ಪನ ಮುಖ ಒರೆಸಿದ. ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಒರೆಸಿದ.

*

ಸ್ಮಶಾನಕ್ಕೆ ಬಂದಾಗ ಎರಡೂ ಮುಕ್ಕಾಲು. ವ್ಯಾನಿನವನು ಇಳಿಸಿ ಹೊರಟುಹೋದ. ಗುಂಡಿ ಇನ್ನೂ ಆಗಿರಲಿಲ್ಲ.

"ಕೆಳಗೆ ಬಂಡೆ ಸಿಕ್ಕಿದೆ," ತೋಡುವವನು ಬೆವರು ಒರೆಸಿಕೊಂಡ. "ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತೆ. ಬಂಡೇನ ಬೈದ್ರೆ ಏಳುತ್ತಾ?"

ಅಪ್ಪನನ್ನು ಮರದಡಿ ಇಟ್ಟು ಕಾದರು. ಉದ್ದಣ್ಣ ಬಿಳಿ ಥರ್ಮಾಕೋಲ್ ಡಬ್ಬಿಯೊಂದನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಒಳಗೆ ಐಸಿನಲ್ಲಿ ಅಪ್ಪನ ಮೈಯಿಂದ ತೆಗೆದ ಚೂರು. ಮಣ್ಣಾದ ಮೇಲೆ ಅದನ್ನು ಊರ ಆಚೆ ತುದಿಯ ಸಂಶೋಧನಾ ಕೇಂದ್ರಕ್ಕೆ ಮುಟ್ಟಿಸಬೇಕಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕೇಳುತ್ತ ಕೇಳುತ್ತ ಎದ್ದು ನಿಂತ.

"ತಮ್ಮಾ, ಇಲ್ಲಿ ಬಾ." ಮಗನನ್ನು ಪಕ್ಕಕ್ಕೆ ಎಳೆದ. "ತಪ್ಪು ನಂದೇ. ಬೆಳಿಗ್ಗೆ ನಮ್ಮ ಆಸ್ಪತ್ರೆ ಫಾರ್ಮಿಗೆ ಸೈನ್ ಹಾಕಿಸಿಕೊಂಡೆ ನೋಡು, ಕೇಂದ್ರದವರದ್ದು ಬೇರೆ ಫಾರ್ಮಂತೆ. ಎರಡೂ ಹಳದಿ ಕಾಗದ, ಮೇಣದಣ್ಣ ಹೋದ ಗಡಿಬಿಡಿಯಲ್ಲಿ ನಾನು ನೋಡಲೇ ಇಲ್ಲ. ಮನೆಯವರು ಖುದ್ದು ಬಂದು ಅವರ ಎದುರು ಸೈನ್ ಹಾಕದಿದ್ರೆ ಚೂರು ಮುಟ್ಟೋದಿಲ್ಲವಂತೆ."

"ನಾಳೆ ಹಾಕ್ತೀನಿ."

"ಇವತ್ತು ನಾಲ್ಕಕ್ಕೆ ಮುಚ್ಚುತ್ತಾರೆ. ಆಮೇಲೆ ಎರಡು ದಿನ ರಜ."

ಮಗ ಫೋನು ಕಸಿದುಕೊಂಡ. ಆ ಕಡೆ ಅಪ್ಪನ ಆಸ್ಪತ್ರೆಯ ಅದೇ ಡಾಕ್ಟರಮ್ಮ ಇದ್ದರು.

"ಮೇಡಂ, ನಿಮ್ಮಲ್ಲೇ ಮೇಣದಲ್ಲಿ ಇಟ್ಟಿದ್ದೀರಲ್ಲ. ಅದು ಸಾಲದಾ?"

"ಅದರಲ್ಲಿ ನಮಗೆ ಕಾಣೋದು ಸ್ವಲ್ಪ ಅಪ್ಪಾ. ಅವರ ಪರೀಕ್ಷೆಗೆ ಹಸಿ ಚೂರೇ ಬೇಕು. ಆ ಐಸು ಎರಡು ದಿನ ತಡೆಯಲ್ಲ."

"ತಗೊಂಡು ಹೋದ್ರೆ ಹೆಸರು ಸಿಗುತ್ತಾ? ಖಂಡಿತ?"

"ಸುಳ್ಳು ಹೇಳಲ್ಲ. ಸಿಗದೇ ಇರಬಹುದು. ನೋಡದಿದ್ರೆ ಖಂಡಿತ ಸಿಗಲ್ಲ."

ಮೂರು ಗಂಟೆ ಹತ್ತು ನಿಮಿಷ. ದೊಡ್ಡ ರಸ್ತೆಗೆ ನಡೆದು, ಬಸ್ಸು ಹಿಡಿದು, ಆಚೆ ತುದಿ ಸೇರಲು ಮುಕ್ಕಾಲು ಗಂಟೆ. ಗುಂಡಿಯೊಳಗೆ ಗುದ್ದಲಿ ಬಂಡೆಗೆ ಬಡಿದು ಠಣ್ಣೆನ್ನುತ್ತಿತ್ತು. ಅಪ್ಪನನ್ನು ಇಳಿಸುವಾಗ ತಲೆಯ ಕಡೆ ತಾನು ಹಿಡಿಯಬೇಕೆಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ಅದೊಂದೇ ಬೇಕಿತ್ತು ಅವನಿಗೆ. ಒಂದು ಸಲ, ಕೊನೆಯ ಸಲ, ಆ ಭಾರ ಕೈಗೆ ಬರಬೇಕಿತ್ತು.

ಮರದಡಿ ಹೋಗಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲ್ಲ ಹೇಳಿದ. ಅಮ್ಮ ಅಪ್ಪನ ಮುಖದಿಂದ ಕಣ್ಣು ಕೀಳಲಿಲ್ಲ.

"ಎಷ್ಟು ಗಂಟೆಗೆ ಮುಚ್ಚುತ್ತಾರೆ ಅಂದೆ?"

"ನಾಲ್ಕಕ್ಕೆ."

"ಮತ್ತೆ ಯಾಕೆ ಕೂತಿದ್ದೀ?"

ಅವನು ಅಪ್ಪನ ಪಾದ ಹಿಡಿದ. ತಣ್ಣಗಿತ್ತು. ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೆ ಏಳಲು ಆಗುತ್ತಿರಲಿಲ್ಲ. ಎದ್ದ. ಉದ್ದಣ್ಣನಿಂದ ಡಬ್ಬಿ ತೆಗೆದುಕೊಂಡ. ಅದು ಖಾಲಿ ಇದೆಯೇನೋ ಅನ್ನಿಸುವಷ್ಟು ಹಗುರವಾಗಿತ್ತು.

"ಲೋ!" ದೊಡ್ಡಪ್ಪ ನೋಡಿಬಿಟ್ಟಿದ್ದ. "ಎಲ್ಲಿಗೋ? ಅಪ್ಪನ್ನ ಇಲ್ಲಿ ಬಿಟ್ಟು ಎಲ್ಲಿಗೋ ಹೊರಟೆ?"

ಕೂತವರು ಎದ್ದರು. ತೋಡುವವನೂ ಗುದ್ದಲಿ ನಿಲ್ಲಿಸಿ, ಗುಂಡಿಯಿಂದ ತಲೆ ಎತ್ತಿದ.

"ನೋಡ್ರೋ, ಎಲ್ಲರೂ ನೋಡ್ರಿ! ಒಂದು ಹಿಡಿ ಮಣ್ಣು ಹಾಕೋ ಯೋಗ್ಯತೆ ಇಲ್ಲ ಇವನಿಗೆ! ಥೂ, ಮಗನಂತೆ ಮಗ! ಮಾತಾಡೋ, ಬಾಯಿ ಬಿದ್ದುಹೋಯ್ತಾ?"

ಮಗ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಗೇಟು ದಾಟಿದ.

ದೊಡ್ಡ ರಸ್ತೆಗೆ ಹೋಗುವ ಮಣ್ಣುದಾರಿ ನೇರ ಪಡುವಣಕ್ಕಿತ್ತು. ಇಳಿಬಿಸಿಲು ಎದುರಿನಿಂದ ಡಬ್ಬಿಯ ಮುಚ್ಚಳಕ್ಕೇ ಹೊಡೆಯುತ್ತಿತ್ತು. ನಾಲ್ಕು ಹೆಜ್ಜೆ ನಡೆದ. ಅಂಗಿಯ ಅಂಚಿನಿಂದ ಮುಚ್ಚಲು ನೋಡಿದ, ಸಾಲಲಿಲ್ಲ. ನಿಂತು, ಇಡೀ ಮೈ ತಿರುಗಿಸಿ ಬಿಸಿಲಿಗೆ ಬೆನ್ನು ಕೊಟ್ಟ. ಡಬ್ಬಿ ಅವನ ನೆರಳಿಗೆ ಬಂತು. ಹಾಗೆಯೇ, ಹಿಮ್ಮಡಿಯಲ್ಲಿ ದಾರಿ ತಡಕಾಡುತ್ತ, ಹಿಂದಕ್ಕೆ ನಡೆಯತೊಡಗಿದ. ಗೇಟಿಗೆ ಬಂದು ನಿಂತ ದೊಡ್ಡಪ್ಪ ಇನ್ನೂ ಕೂಗುತ್ತಿದ್ದ. ಅವನ ಹಿಂದೆ ಮರ, ಮರದಡಿ ಅಮ್ಮ, ಬಿಳಿ ಬಟ್ಟೆಯಲ್ಲಿ ಅಪ್ಪ. ಒಂದೊಂದು ಹೆಜ್ಜೆಗೂ ಅವರೆಲ್ಲ ಇಷ್ಟಿಷ್ಟೇ ಚಿಕ್ಕದಾಗುತ್ತ ಹೋದರು. ದಾರಿ ತಿರುಗುವವರೆಗೂ ಅವನು ಅತ್ತಲೇ ಮುಖ ಮಾಡಿ, ಡಬ್ಬಿಯನ್ನು ಎದೆಗವಚಿಕೊಂಡು, ಬಾಯಿ ಬಿಡದೆ ದೂರವಾದ.