ಕೆಂಪಕ್ಕನಿಗೆ ವಾಸನೆ ಮರಳಿದ್ದು

ಮಗಳು ಹೊಟ್ಟೆಯಲ್ಲಿದ್ದಾಗ ಕೆಂಪಕ್ಕನಿಗೆ ಒಂದು ನೆಗಡಿ ಹಿಡಿಯಿತು. ಮಗು ಹುಟ್ಟಿತು, ತೆವಳಿತು, ನಡೆಯಿತು. ನೆಗಡಿ ಮಾತ್ರ ಹೋಗಲಿಲ್ಲ. ಮೂಗಿನೊಳಗೆ ಏನೋ ಮೆತ್ತಗೆ ಬೆಳೆದು ದಾರಿಗೆ ಅಡ್ಡ ಕೂತಿತು. ಅದರ ಹಿಂದೆಯೇ ಗೂರಲು ಬಂದು ಎದೆಯಲ್ಲಿ ಸಿಳ್ಳೆ ಹಾಕತೊಡಗಿತು. ವಾಸನೆ ಯಾವಾಗ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಒಂದು ದಿನ ಒಲೆಯ ಮೇಲಿಟ್ಟ ಹುರುಳಿಕಾಳು ಸೀದು ಕರಿಯಾಗಿ ಮನೆಯೆಲ್ಲ ಹೊಗೆಯಾಯಿತು. ಪಕ್ಕದಲ್ಲೇ ಕೂತಿದ್ದ ಅವಳು ಹೊಗೆ ಕಣ್ಣಿಗೆ ಬಿದ್ದ ಮೇಲೆ ಎದ್ದಳು. ಆಗ ಗೊತ್ತಾಯಿತು.

ಅವರದು ಕೊಡಿಗೇನಹಳ್ಳಿ ರಸ್ತೆಯಿಂದ ಒಳಗಿದ್ದ ಹಟ್ಟಿ. ಗಂಡ ಕ್ಯಾತಣ್ಣ ಕುರಿ ಸಾಕಿಕೊಂಡು ಕಂಬಳಿ ನೇಯುತ್ತಿದ್ದ. ಕೆಂಪಕ್ಕ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದಳು. ಮಗಳು ಜುಂಜಮ್ಮನಿಗೆ ಈಗ ಒಂಬತ್ತೋ ಹತ್ತೋ. ಹಟ್ಟಿಗೆ ಬಂದ ಹೊರಗಿನವರು ಹಸಿ ಉಣ್ಣೆಯ ನಾತಕ್ಕೆ ಸೆರಗು ಮೂಗಿಗಿಟ್ಟುಕೊಂಡರೆ ಕೆಂಪಕ್ಕ ಅವರನ್ನು ಆಸೆಯಿಂದ ನೋಡುತ್ತಿದ್ದಳು. ಕುರಿ ಈದಾಗಲಂತೂ ಅವಳು ದೊಡ್ಡಿಯ ಬಾಗಿಲಲ್ಲೇ ನಿಂತುಬಿಡುವಳು. ತಾಯಿಕುರಿ ಮರಿಯನ್ನು ಮೂಸಿ ಮೂಸಿ ತನ್ನದೆಂದು ಮಾಡಿಕೊಳ್ಳುತ್ತದೆ. ನಾನು ನನ್ನ ಮಗಳನ್ನು ಒಂದು ಸಲವೂ ಮೂಸಿಲ್ಲವಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ಎಂಬತ್ನಾಲ್ಕರ ಬೇಸಿಗೆಯ ಒಂದು ಮಧ್ಯಾಹ್ನ ಶಿರಾದ ಕಂಬಳಿ ವ್ಯಾಪಾರಿ ಮುಕ್ತಾರ್ ತನ್ನ ಮೆಟಡಾರ್ ವ್ಯಾನಿನಲ್ಲಿ ಬಂದ. ಕೆಂಪಕ್ಕ ತಲೆಗೆ ಬಟ್ಟೆ ಬಿಗಿದುಕೊಂಡು ಜಗಲಿಗೆ ಒರಗಿದ್ದಳು.

“ಏನಕ್ಕಾ, ತಲೆನೋವಾ?”

“ಒಡ್ದೋಗ್ತೈತೆ ಕಣಣ್ಣ. ಬಿಸ್ಲೋ ಏನೋ.”

ಮುಕ್ತಾರ್ ಜೇಬಿನಿಂದ ಒಂದು ಮಾತ್ರೆ ತೆಗೆದ. “ನಮ್ಮ ಮನೆಯವಳು ಖಾಜಾಬಿ ಇದನ್ನೇ ತಗೊಳ್ಳೋದು. ನುಂಗಿ ನೀರು ಕುಡೀರಿ, ಕಂಬಳಿ ನೋಡೋಷ್ಟ್ರಲ್ಲಿ ಬಿಟ್ಟೋಗುತ್ತೆ.”

ಅವರು ಕಂಬಳಿ ಹರವಿ ನೋಡುತ್ತಿದ್ದಂತೆಯೇ ಕೆಂಪಕ್ಕನ ಮುಖ ಕೆಂಪೇರಿತು. ಕಣ್ಣು, ಮೂಗು ಧಾರಾಕಾರವಾಗಿ ಸುರಿದವು. ಆಮೇಲೆ ಎದೆ ಬಿಗಿಯಿತು. ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ತುಟಿ ನೀಲಿಗೆ ತಿರುಗಿದ್ದು ಕಂಡು ಕ್ಯಾತಣ್ಣ ಅವಳನ್ನು ಎತ್ತಿಕೊಂಡೇ ವ್ಯಾನಿಗೆ ಓಡಿದ.

“ಮಧುಗಿರಿಗೆ ಬುಡು ಸಾಬಣ್ಣ, ಜಲ್ದಿ!”

ಕಂಬಳಿಗಳ ರಾಶಿಯ ಮೇಲೆ ಮಲಗಿದ ಕೆಂಪಕ್ಕನಿಗೆ ವ್ಯಾನಿನ ಸದ್ದು ದೂರವಾಯಿತು. ಕಿಟಕಿಯಲ್ಲಿ ಮಧುಗಿರಿಯ ಬೆಟ್ಟ ಕಂಡಿತು. ಆ ಬೋಳುಬಂಡೆ ಹತ್ತಿರವಾದಷ್ಟೂ ಮೃದುವಾಗುತ್ತಾ, ಉಸಿರೆಳೆದುಕೊಳ್ಳುವ ದೊಡ್ಡ ಪ್ರಾಣಿಯೊಂದರ ಬೆನ್ನಿನಂತೆ ಮೇಲೇಳುತ್ತಾ ಬಂತು. ಬಂಡೆ ಬಿರಿದು ಅದರೊಳಗಿಂದ ಕುರಿಗಳು ಇಳಿದವು. ಒಂದಕ್ಕೂ ಸದ್ದಿಲ್ಲ, ಒಂದಕ್ಕೂ ನೆರಳಿಲ್ಲ. ಅವುಗಳ ನಡುವೆ ಅವಳು ನಡೆದಳು. ಇದರಲ್ಲಿ ನನ್ನದು ಯಾವುದು? ಬಗ್ಗಿ ಬಗ್ಗಿ ಮೂಸಿದಳು. ಏನೂ ತಿಳಿಯಲಿಲ್ಲ. ಕುರಿಗಳು ಅವಳನ್ನು ಬಳಸಿಕೊಂಡು ಬೆಳಕಿನೊಳಗೆ ಹರಿದುಹೋದವು.

ಕಣ್ಣು ಬಿಟ್ಟಾಗ ಮೂಗಿನ ಮೇಲೆ ರಬ್ಬರಿನ ಮುಚ್ಚಳವಿತ್ತು, ತೋಳಿನಲ್ಲಿ ಸೂಜಿಯಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ನರ್ಸಿಂಗ್ ಹೋಮ್ ಅದು. ಕೊರಟಗೆರೆ ಕಡೆಯ ಡಾಕ್ಟರ್ ಸರಸಮ್ಮ ಮಂಚದ ಪಕ್ಕ ನಿಂತು ನಾಡಿ ಹಿಡಿದಿದ್ದರು.

“ಬದುಕಿದ್ರಿ ಕೆಂಪಕ್ಕ. ಇನ್ನು ನಿಧಾನಕ್ಕೆ ಉಸಿರಾಡಿ.”

ಬಾಗಿಲಲ್ಲಿ ಮುಕ್ತಾರ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. “ನನ್ನ ಕೈಯಾರೆ ಕೊಟ್ಟೆ ಡಾಕ್ಟ್ರೇ.”

“ನೀವೇನು ವಿಷ ಕೊಟ್ರಾ? ಸಾವಿರ ಜನಕ್ಕೆ ಒಗ್ಗೋ ಮಾತ್ರೆ, ಇವರಿಗೆ ಒಗ್ಗಲಿಲ್ಲ. ಇನ್ಮೇಲೆ ಈ ಜಾತಿ ಮಾತ್ರೆ ಇವರ ಹತ್ರ ಸುಳಿಬಾರದು ಅಷ್ಟೆ.”

ಮಾರನೆಯ ಬೆಳಿಗ್ಗೆ ಕೆಂಪಕ್ಕ ಎದ್ದು ಕೂತಳು. ನುಂಗಿದ್ದು ತಲೆಗೆ, ಹಿಡಿದದ್ದು ಎದೆಯನ್ನು. ಅದು ಹೆಂಗೆ ಎಂದು ಅವಳೇ ಕೇಳಿದಳು. ಸರಸಮ್ಮನಿಗೆ ಹೀಗೆ ಕೇಳುವವರು ಇಷ್ಟ. ಅವಳ ಸೀರೆಗೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ತೆಗೆದು ಬೆರಳಲ್ಲಿ ಉಜ್ಜಿದರು.

“ಇದರಲ್ಲಿ ಜಿಡ್ಡಿದೆ ನೋಡಿ. ನಮ್ಮ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗೂಡುಗಳಿಂದ ಆಗಿರೋದು. ಒಂದೊಂದು ಗೂಡಿಗೂ ಜಿಡ್ಡಿನ ಪೊರೆ. ಆ ಪೊರೆಯಿಂದ ಒಂದು ಚೂರು ಕತ್ತರಿಸಿ ಬೀಳುತ್ತೆ, ಅದು ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನ ಆಮ್ಲ. ಕೆರೆ ನೀರಿನ ಹಂಗೆ ಅದಕ್ಕೆ ಎರಡು ತೂಬು. ಒಂದರಲ್ಲಿ ಹರಿದದ್ದು ಜ್ವರ, ನೋವು ತರುತ್ತೆ. ಉಸಿರಿನ ಕೊಳವೆನ ಹದವಾಗಿಡೋದೂ ಅದರಲ್ಲೇ ಇದೆ. ಇನ್ನೊಂದರಲ್ಲಿ ಹರಿದದ್ದು ಲ್ಯೂಕೋಟ್ರೈಯೀನ್ ಆಗುತ್ತೆ. ಕೊಳವೆ ಹಿಂಡೋದು, ಮೂಗು ಊದಿಸೋದು, ಕಫ ಕಟ್ಟೋದು ಎಲ್ಲ ಅದರ ಕೆಲಸ. ಆ ಹೆಸರಿಟ್ಟು ನಾಲ್ಕೈದು ವರ್ಷ ಆಯ್ತೋ ಇಲ್ವೋ. ತಲೆನೋವಿನ ಮಾತ್ರೆ ಮೊದಲ್ನೇ ತೂಬು ಮುಚ್ಚುತ್ತೆ.”

“ಇನ್ನೊಂದ್ರಾಗೆ ನುಗ್ತೈತೆ,” ಎಂದ ಕ್ಯಾತಣ್ಣ.

“ಎಲ್ಲರಿಗೂ ಹಂಗೆ ನುಗ್ಗಲ್ಲ. ಇವರಂಥ ಕೆಲವರಿಗೆ ಯಾಕೆ ನುಗ್ಗುತ್ತೆ ಅಂತ ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ.”

ಕೆಂಪಕ್ಕ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ನನ್ ಮೈಯಾಗಿನ ಜಿಡ್ಡೇ ನನ್ ಕತ್ತು ಹಿಸುಕ್ತಾ ಡಾಕ್ಟ್ರಮ್ಮ?”

“ಹೂಂ. ಈಗ ಅದನ್ನ ಸುಮ್ಮನಿರಿಸೋಣ.” ಸರಸಮ್ಮ ಸಣ್ಣ ಬಿಳಿ ಮಾತ್ರೆಗಳ ಪೊಟ್ಟಣ ಕೊಟ್ಟರು. “ಪೊರೆಯಿಂದ ಆ ಚೂರು ಕತ್ತರಿಸುತ್ತಲ್ಲ, ಇದು ಆ ಕತ್ತರಿನೇ ತಡೆಯುತ್ತೆ. ಕೆಲವು ದಿನ ಅಷ್ಟೆ. ದಿನದಿನಕ್ಕೆ ಕಮ್ಮಿ ಮಾಡ್ತಾ ನಿಲ್ಲಿಸಬೇಕು.”

ಹಟ್ಟಿಗೆ ಮರಳಿ ಎರಡು ಮೂರು ದಿನವಾಗಿರಬೇಕು. ಬೆಳಗಿನ ಜಾವದ ನಿದ್ದೆಯಲ್ಲಿ ಯಾರೋ ಕರೆದಂತಾಗಿ ಕೆಂಪಕ್ಕ ಎದ್ದಳು. ಯಾರೂ ಕರೆದಿರಲಿಲ್ಲ. ಆದರೆ ಮನೆ ತುಂಬಿತ್ತು. ಏತರಿಂದ ತುಂಬಿದೆ ಎಂದು ಮೊದಲು ತಿಳಿಯಲೇ ಇಲ್ಲ. ಗೋಡೆಯ ಮಣ್ಣು ತನ್ನ ಪಾಡಿಗೆ ತಾನು ಏನೋ ಹೇಳುತ್ತಿತ್ತು. ಒಲೆಯ ಬೂದಿ ಇನ್ನೊಂದು ಹೇಳಿತು. ಮೂಲೆಯಲ್ಲಿ ನೂಲಿಗೆ ಹಚ್ಚಲು ಕಲಸಿಟ್ಟ ಹುಣಸೆಬೀಜದ ಗಂಜಿ ಹುಳ್ಳಗೆ ಮೂಗಿನೊಳಗೆ ಇಳಿಯಿತು. ಅವಳು ನಿದ್ದೆಗಣ್ಣಿನವಳಂತೆ ತೇಲುತ್ತಾ ಅಂಗಳಕ್ಕೆ ಬಂದಳು. ದೊಡ್ಡಿಯ ಕಡೆಯಿಂದ ಹಿಕ್ಕೆ, ಹಾಲು, ಉಣ್ಣೆ ಎಲ್ಲ ಬೆಚ್ಚಗೆ ಒಟ್ಟಾಗಿ ಬಂದು ಮುಖಕ್ಕೆ ಬಡಿಯಿತು. ಇಷ್ಟು ವರ್ಷ ಕನ್ನಡಿಯಲ್ಲಿ ಕಂಡಂತಿದ್ದ ಲೋಕ ಕನ್ನಡಿಯಿಂದ ಇಳಿದು ಬಂದಿತ್ತು.

ಒಳಗೆ ಓಡಿ ಮಲಗಿದ್ದ ಜುಂಜಮ್ಮನ ನೆತ್ತಿಗೆ ಮೂಗಿಟ್ಟಳು. ಹರಳೆಣ್ಣೆ, ಬೆವರು, ಸೀಗೆಕಾಯಿಯ ಉಳಿಕೆ. ಇವೆಲ್ಲದರ ಕೆಳಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಘಮ, ಎಳೆಬಿಸಿಲಿಗೆ ಹಾಕಿದ ರಾಗಿಯ ಹಾಗೆ. ಹುಡುಗಿಗೆ ಎಚ್ಚರವಾಯಿತು.

“ಏನವ್ವಾ, ಯಾಕ್ ಅಳ್ತಿದೀಯ?”

“ನಿನ್ ವಾಸ್ನೆ ಕಣಮ್ಮ. ಇವತ್ತು ಸಿಕ್ತು.”

“ಗಬ್ಬು ನಾತ ಬತ್ತೈತಾ?”

ಕೆಂಪಕ್ಕ ಅಳುತ್ತಲೇ ನಕ್ಕಳು, ಮತ್ತೆ ಮೂಸಿದಳು. ಆ ದಿನಗಳಲ್ಲಿ ಹಟ್ಟಿಯವರಿಗೆ ಅವಳದೇ ಮಾತು. ಬೇವಿನ ಮರ ತಬ್ಬಿ ನಿಲ್ಲುತ್ತಾಳಂತೆ, ಗಂಡನ ಹಳೇ ಕಂಬಳಿಗೆ ಮುಖ ಹುದುಗಿಸುತ್ತಾಳಂತೆ. ನೋಡಲು ಬಂದ ಮುಕ್ತಾರ್ ಖಾಜಾಬಿ ಕಳಿಸಿದ ಅತ್ತರಿನಲ್ಲಿ ಹತ್ತಿ ಅದ್ದಿ ಕೊಟ್ಟ. ಅದನ್ನು ಮೂಸಿ, “ಚೆನ್ನಾಗೈತೆ ಕಣಣ್ಣ, ಆದ್ರೆ ನಮ್ ಕುರಿ ದೊಡ್ಡಿ ಮುಂದೆ ಏನಿಲ್ಲ,” ಎಂದಳು. ಎಲ್ಲರಿಗಿಂತ ಜೋರಾಗಿ ಮುಕ್ತಾರನೇ ನಕ್ಕ.

ಮಾತ್ರೆ ಮುಗಿಯಿತು. ಕೆಂಪಕ್ಕ ಮಧುಗಿರಿಗೆ ಹೋಗಿ ಇನ್ನಷ್ಟು ಕೇಳಿದಳು. ಸರಸಮ್ಮ ತಲೆಯಾಡಿಸಿದರು.

“ದಿನಾ ತಗೊಂಡ್ರೆ ಮುಖ ಊದುತ್ತೆ, ಮೂಳೆ ಟೊಳ್ಳಾಗುತ್ತೆ. ಗೂರಲಿಗೆ ಬೇರೆ ಔಷಧಿ ಕೊಡ್ತೀನಿ, ಅದು ಉಸಿರು ಕಾಯುತ್ತೆ. ವಾಸನೆ ಉಳಿಯುತ್ತೆ ಅಂತ ಮಾತ್ರ ಹೇಳಲಾರೆ.”

ಕೆಂಪಕ್ಕ ಖಾಲಿ ಪೊಟ್ಟಣವನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಡಾಕ್ಟರು ಅದನ್ನು ನೋಡಿದರು.

“ವರ್ಷಕ್ಕೊಂದ್ಸಲ, ಮೈ ನೋಡ್ಕೊಂಡು, ಕೆಲವು ದಿನಕ್ಕೆ ಈ ಮಾತ್ರೆ ಕೊಡಬಹುದು. ಯಾವಾಗ ಬರ್ತೀರಿ?”

“ಯೋಚ್ನೆ ಮಾಡಿ ಯೋಳ್ತೀನಿ.”

ವಾಸನೆಗಳು ಒಂದೊಂದಾಗಿ ಹೊರಟವು, ನೆಂಟರು ಊರಿಗೆ ಹೊರಟಂತೆ. ಮೊದಲು ಮಲ್ಲಿಗೆ, ಆಮೇಲೆ ಮಣ್ಣು, ಬೂದಿ. ಮಗಳ ನೆತ್ತಿಯದು ಒಂದು ಸಂಜೆ ಇತ್ತು, ಬೆಳಿಗ್ಗೆ ಇರಲಿಲ್ಲ. ಅಂದು ಕೆಂಪಕ್ಕ ಉಣ್ಣಲಿಲ್ಲ. ಆದರೆ ಉಸಿರು ಸರಾಗವಾಗಿತ್ತು. ಮಾರನೇ ದಿನ ಎದ್ದು ಉಣ್ಣೆಗೆ ಕೂತಳು.

ಯಾವ ಕಾಲ ಆರಿಸಿಕೊಳ್ಳುವುದೆಂದು ಮನೆಯಲ್ಲಿ ಎಷ್ಟೋ ದಿನ ಮಾತಾಯಿತು. ಕ್ಯಾತಣ್ಣ ಮಳೆಗಾಲ ಎಂದ. ಜುಂಜಮ್ಮ ಹೊಂಗೆ ಹೂವಿನ ಕಾಲ ಎಂದಳು. ಕೆಂಪಕ್ಕ ಎಲ್ಲ ಕೇಳಿಸಿಕೊಂಡು ಚಳಿಗಾಲ ಹುಟ್ಟುವ ಹೊತ್ತಿಗೆ ಮಧುಗಿರಿಯ ಬಸ್ಸು ಹತ್ತಿದಳು.

“ಅವರೆಕಾಯಿ ಬಂದೈತೆ ಡಾಕ್ಟ್ರಮ್ಮ,” ಎಂದಳು. “ಮೂವರೂ ಒಲೆ ಮುಂದೆ ಕೂತು ಬಿಡುಸ್ತೀವಿ. ಸೊಗಡು ಕೈಗೂ ಅಂಟ್ತೈತೆ, ಮಗೀನ ಕೈಗೂ ಅಂಟ್ತೈತೆ. ಈಗ್ಲೇ ಕೊಡಿ.”

ಸರಸಮ್ಮ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಮಾತ್ರೆ ಕೊಟ್ಟರು.